ಬಾಯಿಬಿಟ್ಟ ಬೀಗ

"ಬಾಯಿ ತೆರೆದಿದೆ, ಆದ್ರೆ ಬಲವಂತವಾಗಿ ತೆರೆಸಿದ್ದಲ್ಲ," ಎಂದರು ಡಾಕ್ಟ್ರಮ್ಮ.

ಅವರು ಹೇಳಿದ್ದು ಮೇಜಿನ ಮೇಲಿದ್ದ ಬೀಗದ ವಿಷಯ. ಜೀವಮಾನವಿಡೀ ಊರಿನವರ ಹಲ್ಲು ಕಿತ್ತು ನಿವೃತ್ತರಾದವರು. ಕೈಚೀಲದಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ, ಚೂಪು ಕಡ್ಡಿ, ಬೆರಳುದ್ದದ ಟಾರ್ಚು ಇಲ್ಲದೆ ಇವತ್ತಿಗೂ ಹೊಸ್ತಿಲು ದಾಟುವವರಲ್ಲ. ಬೀಗದ ಕಿಂಡಿಯ ಸುತ್ತ ಕಡ್ಡಿ ಆಡಿಸಿದರು. ಕೊಂಡಿಯ ತಳಕ್ಕೆ ಕನ್ನಡಿ ಹಿಡಿದರು. ಹೊಸ ಗೀರು ಒಂದೂ ಇರಲಿಲ್ಲ.

"ಅಂದ್ರೆ?" ಎಂದಳು ರೈಟಕ್ಕ. ಉತ್ತರ ಗೊತ್ತಿದ್ದೇ ಕೇಳಿದ್ದಳು.

"ಇದರದೇ ಬೀಗದ ಕೈ ಹಾಕಿ ತೆಗೆದಿದಾರೆ ಕಣ್ರೀ."

ಆ ಬೆಳಿಗ್ಗೆ ಸಂಗ್ರಹಾಲಯದ ಬಾಗಿಲು ತೆಗೆದಾಗ ಒಂದು ಸಾಮಾನೂ ಕಳುವಾಗಿರಲಿಲ್ಲ. ಕ್ಷೌರದಂಗಡಿಯ ತಿರುಗುವ ಕುರ್ಚಿ, ಶಾಲೆಯ ಕಂಚಿನ ಗಂಟೆ, ಚಿತ್ರಮಂದಿರದ ತುಕ್ಕು ಹಿಡಿದ ಯಂತ್ರ, ಎಲ್ಲವೂ ಇದ್ದಲ್ಲೇ ಇದ್ದವು. ಮನೆಯ ಮೊಳೆಯಲ್ಲಿದ್ದ ಕೀಲಿ ತಂದೇ ರೈಟಕ್ಕ ತೆರೆಯಬೇಕಾದ ಒಳಕೋಣೆಯ ಗಾಜಿನ ಪೆಟ್ಟಿಗೆಯೂ ಭದ್ರವಾಗಿತ್ತು. ಅದರೊಳಗೆ, ಗಿರಣಿ ಸುಟ್ಟುಹೋದ ದಿನದಿಂದ ಮುಚ್ಚಿಕೊಂಡೇ ಇದ್ದ ಹಿತ್ತಾಳೆ ಬೀಗ ಮಾತ್ರ ತೆರೆದು ಬಿದ್ದಿತ್ತು.

ಕಳ್ಳತನವಾಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಬೀಗ ತೆರೆದುಕೊಂಡಿದೆ ಎಂದು ದೂರು ಕೊಡಲು ಹೋದರೆ ಠಾಣೆಯವರು ಒಂದು ಲೋಟ ನೀರು ಕುಡಿಸಿ ಮನೆಗೆ ಕಳಿಸುತ್ತಾರೆ.

"ಬೇರೆ ಬೀಗ ತಂದಿಟ್ಟಿರಬಹುದಾ?" ಡಾಕ್ಟ್ರಮ್ಮನೇ ಅನುಮಾನ ತೆಗೆದರು.

ರೈಟಕ್ಕ ಬೀಗವನ್ನು ಮಗುಚಿ ಹಾಕಿದಳು. ಬೆನ್ನಿನ ಮೇಲೆ ಹಸಿರು ಗಾಜಿನ ಹನಿಯೊಂದು ಅಂಟಿಕೊಂಡಿತ್ತು. ಬೆಂಕಿಯಲ್ಲಿ ಗಿರಣಿಯ ಕಿಟಕಿ ಕರಗಿ ತೊಟ್ಟಿಕ್ಕಿದ್ದು. ಆ ಹನಿಯನ್ನು ಅವಳು ಎಷ್ಟು ಸಲ ನೋಡಿದ್ದಳೆಂದರೆ ಕಣ್ಣು ಮುಚ್ಚಿ ಬೆರಳಲ್ಲೇ ಗುರುತಿಸಬಲ್ಲವಳಾಗಿದ್ದಳು. ಬೀಗ ಅದೇ, ಸಂಶಯವಿಲ್ಲ.

ಈ ಬೀಗಕ್ಕಾಗಿಯೇ ಅವಳು ಈ ಸಂಗ್ರಹಾಲಯ ಕಟ್ಟಿದ್ದು ಎಂದರೂ ತಪ್ಪಿಲ್ಲ. ಊರಿನ ನೂಲಿನ ಗಿರಣಿಗೆ ಬೆಂಕಿ ಬಿದ್ದಾಗ ಮೇಲಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳೂ ಹೊರಗೆ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಕೆಲಸ ಮುಗಿಯದೆ ಯಾರೂ ಏಳಕೂಡದೆಂದು ಮೇಸ್ತ್ರಿ ಹೆಂಗಸೇ ಅಡ್ಡ ನಿಂತಳು ಎಂದು ಗಿರಣಿಯ ಧಣಿಗಳು ಹೇಳಿಕೆ ಕೊಟ್ಟರು. ಆ ಮೇಸ್ತ್ರಿ ರೈಟಕ್ಕನ ಅಜ್ಜಿ. ಎಲ್ಲರ ಜೊತೆ ತಾನೂ ಬೆಂದುಹೋದವಳ ತಲೆಗೆ ಎಲ್ಲರ ಸಾವನ್ನೂ ಕಟ್ಟಿದರು. ಅವಳ ಮಗಳು, ಅಂದರೆ ರೈಟಕ್ಕನ ಅಮ್ಮ, ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ಬೆಳೆದಳು, ತಗ್ಗಿಸಿಕೊಂಡೇ ಮುದುಕಿಯಾದಳು.

ಎಷ್ಟೋ ವರ್ಷಗಳ ಮೇಲೆ ರಸ್ತೆ ಅಗಲ ಮಾಡುವವರ ಸನಿಕೆಗೆ ಈ ಬೀಗ ಸಿಕ್ಕಿತು. ಬಾಗಿಲಿನ ಹೊರಚಿಲಕದ ತುಂಡನ್ನು ಕಚ್ಚಿಕೊಂಡೇ ಸಿಕ್ಕಿತು. ಅಲ್ಲಿಗೆ ಕಥೆ ತಿರುಗಿತು. ಹೊರಗಿನಿಂದ ಬೀಗ ಬಿದ್ದ ಕೋಣೆಯೊಳಗೆ ಮೇಸ್ತ್ರಿ ಯಾರನ್ನು ತಡೆಯಬೇಕಿತ್ತು? "ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಗಿತ್ತು" ಎಂಬ ಒಂದೇ ಸಾಲಿನ ಫಲಕವನ್ನು ರೈಟಕ್ಕ ತನ್ನ ಕೈಯಾರೆ ಬರೆದು ಪೆಟ್ಟಿಗೆಯ ಮುಂದಿಟ್ಟಿದ್ದಳು.

ಆ ಸಾಲು ತೆಗೆಸಬೇಕೆಂದು ಗಿರಣಿ ಮನೆಯವರು ಪುರಸಭೆಗೆ ಹೋಗಿದ್ದರು. ಅಧಿಕಾರಿ ಬೀಗವನ್ನು ಕಣ್ಣಾರೆ ನೋಡಿ ತೀರ್ಮಾನ ಹೇಳಲು ಇವತ್ತು ಮಧ್ಯಾಹ್ನ ಬರುವವರಿದ್ದರು. ಬೀಗ ಬಾಯಿ ಬಿಟ್ಟುಕೊಂಡು ಕೂತಿದ್ದು ಸರಿಯಾಗಿ ಇವತ್ತೇ.

ಡಾಕ್ಟ್ರಮ್ಮ ಕಿಟಕಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. ಕೊಂಡಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಸಾಕು, ಟಕ್ ಅಂತ ಮುಚ್ಚಿಕೊಳ್ಳುತ್ತೆ, ಗಾಜಿನೊಳಗೆ ಇಟ್ಟುಬಿಡೋಣ, ನೋಡಿದವರು ಮೂಲೆಯಲ್ಲಿರೋ ತಾತನೂ ಸೇರಿ ನಾವು ಮೂರು ಜನ ಮಾತ್ರ ಎಂದರು. ತಪ್ಪು ಮಾತೇನಲ್ಲ. ನಿನ್ನೆಯವರೆಗೆ ಹೇಗಿತ್ತೋ ಹಾಗೇ ಇಡುವುದು ಸುಳ್ಳು ಹೇಗಾದೀತು ಎಂದು ರೈಟಕ್ಕನಿಗೂ ಒಂದು ಕ್ಷಣ ಅನ್ನಿಸಿತು. ಹೆಬ್ಬೆರಳು ಕೊಂಡಿಯ ಮೇಲೆ ಹೋಗಿ ಕೂತೂಬಿಟ್ಟಿತು.

ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಬೇಡ ಡಾಕ್ಟ್ರೇ. ಆಮೇಲೆ ಈ ಬೀಗ ಮುಚ್ಚಿದ್ದು ಬೆಂಕಿಗೆ ಮುಂಚೆ ಅಲ್ಲ, ನಾವೇ ಮುಚ್ಚಿದ್ದು ಅಂತಾಗುತ್ತೆ. ಸುಳ್ಳು ಹೇಳಿ ಗೆಲ್ಲೋದು ಅವರ ಮನೆ ಕಸುಬು. ನಮಗ್ಯಾಕೆ?"

ಡಾಕ್ಟ್ರಮ್ಮ ನಿಟ್ಟುಸಿರು ಬಿಟ್ಟು ಕಡ್ಡಿಯನ್ನು ಕಿಂಡಿಯೊಳಗೆ ಇನ್ನೊಮ್ಮೆ ಇಳಿಸಿದರು. ಹೊರಗೆ ತೆಗೆದಾಗ ತುದಿ ಹೊಳೆಯುತ್ತಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದವರ ಮುಖ, ಹಲ್ಲುಜ್ಜದೆ ಬಂದ ರೋಗಿಯನ್ನು ಕಂಡಂತೆ ಸಿಂಡರಿಸಿತು.

"ಎಣ್ಣೆ. ಅದೂ ಗಡಿಯಾರಕ್ಕೆ ಹಾಕೋ ಎಣ್ಣೆ."

ಇಬ್ಬರೂ ಒಟ್ಟಿಗೆ ಮೂಲೆಯ ಕುರ್ಚಿಯತ್ತ ತಿರುಗಿದರು.

ಆ ಕುರ್ಚಿಯಲ್ಲಿ ಗಡಿಯಾರದ ತಾತ ಕೂತಿದ್ದರು. ಸಂಗ್ರಹಾಲಯದ ಮೂರನೆಯ ಸ್ವಯಂಸೇವಕ. ಗಡಿಯಾರ ರಿಪೇರಿ ಅಂಗಡಿ ಮುಚ್ಚಿದ ಮೇಲೂ ಒಂಟಿ ಕಣ್ಣಿನ ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡೇ ಓಡಾಡುವ ಮನುಷ್ಯ. ನಿನ್ನೆ ಮಧ್ಯಾಹ್ನದ ಪಾಳಿ ಅವರದು. ಸಂಗ್ರಹಾಲಯಕ್ಕೆ ಇದ್ದ ಒಂದೇ ಒಂದು ನಿಯಮವನ್ನು ಡಾಕ್ಟ್ರಮ್ಮ ಗೋಡೆಗೇ ಬರೆಸಿದ್ದರು: ಇಲ್ಲಿನ ಯಾವ ವಸ್ತುವನ್ನೂ ಉಜ್ಜಬಾರದು, ತೊಳೆಯಬಾರದು, ಎಣ್ಣೆ ಹಚ್ಚಬಾರದು, ತುಕ್ಕೂ ಚರಿತ್ರೆಯೇ.

ತಾತ ಕೇಳುವ ಮುಂಚೆಯೇ ಒಪ್ಪಿಕೊಂಡರು. ಬೀಗ ಬಂದ ವರ್ಷದಿಂದಲೂ, ಒರೆಸಲೆಂದು ಪೆಟ್ಟಿಗೆ ತೆರೆದಾಗಲೆಲ್ಲ, ಯಾರೂ ನೋಡದಂತೆ ಕಿಂಡಿಗೆ ಹನಿ ಹನಿ ಬಿಡುತ್ತಿದ್ದರಂತೆ. ತುಕ್ಕು ತಿಂದು ಸಾಯುತ್ತಿರುವ ಯಂತ್ರವನ್ನು ಕೈಕಟ್ಟಿ ನೋಡುತ್ತಾ ಕೂರುವುದು ತಮ್ಮಿಂದಾಗದು ಎಂದರು. ಡಾಕ್ಟ್ರಮ್ಮ ಗೋಡೆಯ ಬರಹವನ್ನು ತೋರಿಸಿ ಚೆನ್ನಾಗಿ ಬೈದರು. ಆದರೆ ಆ ಎಣ್ಣೆ ಬೀಳದಿದ್ದರೆ ಒಳಗಿನ ಕಬ್ಬಿಣ ಕಚ್ಚಿಕೊಂಡು, ಅಸಲಿ ಕೀಲಿಕೈ ತಂದರೂ ಈ ಬೀಗ ಜಪ್ಪಯ್ಯ ಅನ್ನುತ್ತಿರಲಿಲ್ಲ.

"ಮತ್ತೆ ನಿನ್ನೆ ಇಲ್ಲಿಗೆ ಯಾರು ಬಂದಿದ್ರು ತಾತ?" ರೈಟಕ್ಕ ಮೆತ್ತಗೆ ಕೇಳಿದಳು.

"ಯಾರೂ ಇಲ್ಲಮ್ಮ."

ಹಾಗೆನ್ನುವಾಗ ತಾತನ ಬಲಗೈ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು.

ರೈಟಕ್ಕ ಬಸ್ ಕಂಡಕ್ಟರ್ ಆಗಿದ್ದವಳು. "ರೈಟ್, ರೈಟ್" ಎಂದು ಕೂಗಿ ಕೂಗಿ ಆ ಕೂಗೇ ಹೆಸರಾಗಿ ಉಳಿಯಿತು. ಆ ಕೆಲಸ ಅವಳಿಗೆ ಎರಡು ವಿಷಯ ಕಲಿಸಿತ್ತು. ಟಿಕೆಟ್ ಇದ್ದವನನ್ನು ಅನುಮಾನಿಸಿ ಕೇಳಿದರೆ ಅವನಿಗೆ ಮೊದಲು ಸಿಟ್ಟು ಬರುತ್ತದೆ. ಟಿಕೆಟ್ ಇಲ್ಲದವನ ಕೈ ಮೊದಲು ಜೇಬಿಗೆ ಹೋಗುತ್ತದೆ, ಅಲ್ಲಿ ಏನೂ ಇಲ್ಲವೆಂದು ಅವನಿಗೇ ಗೊತ್ತಿದ್ದರೂ.

ತಾತ ಸುಳ್ಳು ಹೇಳುತ್ತಿದ್ದರು. ಅದರಿಂದ ಅವಳಿಗೆ ಸಂಕಟವಾಯಿತು. ಇನ್ನೊಂದು ಪ್ರಶ್ನೆ ಹಾಕುವಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಅವಳು ಬಿರುಸಾಗಿ ಒಂದು ರಟ್ಟು ಎಳೆದುಕೊಂಡು ದಪ್ಪ ಪೆನ್ನಿನಲ್ಲಿ ಏನೋ ಗೀಚಿದಳು. ಬೀಗವನ್ನು ತೆರೆದಿದ್ದಂತೆಯೇ ಗಾಜಿನೊಳಗಿಟ್ಟು, ಹಳೆ ಫಲಕದ ಪಕ್ಕಕ್ಕೆ ಹೊಸದನ್ನೂ ನಿಲ್ಲಿಸಿದಳು.

ಬಂದವರು ಇಬ್ಬರು. ಮುಂದೆ ಪುರಸಭೆಯ ಅಧಿಕಾರಿ, ಊಟದ ಹೊತ್ತಿಗೆ ಮನೆ ಸೇರುವ ಅವಸರದಲ್ಲಿದ್ದವರು. ಹಿಂದೆ ಗಿರಣಿ ಮನೆಯ ಮೊಮ್ಮಗ. ತಲೆ ನರೆತು ತಾನೇ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಾದರೂ ಊರಿಗೆ ಅವರು ಇನ್ನೂ ಮೊಮ್ಮಗನೇ. ಇಸ್ತ್ರಿ ಮುರಿಯದ ಅಂಗಿ, ಏರದ ದನಿ.

ಅಧಿಕಾರಿ ಗಾಜಿನತ್ತ ಬಗ್ಗಿ ಹೊಸ ರಟ್ಟನ್ನು ಗಟ್ಟಿಯಾಗಿ ಓದಿದರು. "ಈ ಬೀಗವನ್ನು ನಿನ್ನೆ ಯಾರೋ ಇದರ ಕೀಲಿಕೈ ಬಳಸಿ ತೆರೆದಿದ್ದಾರೆ. ಆ ಕೀಲಿಕೈ ಇಷ್ಟು ವರ್ಷ ಯಾರ ಮನೆಯಲ್ಲಿತ್ತು?"

ಓದಿ ಮುಗಿಸಿದವರೇ ಮೊಮ್ಮಗನ ಮುಖ ನೋಡಿದರು. ರೈಟಕ್ಕ ಕಾದಿದ್ದುದೂ ಅದಕ್ಕೇ.

"ತೆರೆದ ಬೀಗ ಯಾರ ಮನೇಲಿಲ್ಲ ಹೇಳಿ? ಇದನ್ನಿಟ್ಟುಕೊಂಡು ನಮ್ಮ ತಾತನ್ನ ಕೊಲೆಗಾರ ಮಾಡಿದೀರಿ," ಎಂದರು ಮೊಮ್ಮಗ.

"ನಾನು ಯಾರ ಹೆಸರೂ ಬರೆದಿಲ್ಲ ಸ್ವಾಮಿ. ಬೀಗ ಇತ್ತು ಅಂತ ಬರೆದೆ. ಈಗ ಬೀಗದ ಕೈನೂ ಇದೆ ಅಂತ ಬರೆದಿದೀನಿ. ಗಿರಣಿ ಬೀಗದ ಕೈ ಗಿರಣಿಯವರ ಮನೇಲಿ ಇರದೆ ಇನ್ನೆಲ್ಲಿರುತ್ತೆ?"

ಮೊಮ್ಮಗನ ಕಿವಿ ಕೆಂಪಾದವು. ಏರದ ದನಿ ಏರಿತು. ಬೆಂಕಿಯಾದ ಮಾರನೆಯ ದಿನವೇ ನಮ್ಮ ತಾತ ಮನೆಯನ್ನೆಲ್ಲ ತಡಕಾಡಿಸಿದ್ದರು, ಅಂಥದ್ದೊಂದು ಕೀಲಿಕೈ ನಮ್ಮ ಹೊಸ್ತಿಲು ಯಾವತ್ತೂ ದಾಟಿಲ್ಲ, ಬೇಕಾದರೆ ಈಗಲೇ ಬಂದು ಹುಡುಕಿ ಎಂದು ಮೇಜು ಕುಟ್ಟಿದರು.

ರೈಟಕ್ಕ ಆ ಕೆಂಪು ಕಿವಿಗಳನ್ನೇ ನೋಡಿದಳು. ಇದು ಟಿಕೆಟ್ ಇದ್ದವನ ಸಿಟ್ಟು. ಈ ಮನುಷ್ಯ ನಿಜ ಹೇಳುತ್ತಿದ್ದಾನೆ.

"ಬೀಗದ ಕೈ ತೋರಿಸಿ, ಇಲ್ಲಾಂದ್ರೆ ಎರಡೂ ಬೋರ್ಡು ತೆಗೀರಿ," ಎಂದರು ಅಧಿಕಾರಿ. ತೆರೆದ ಬೀಗ ಏನನ್ನೂ ಸಾಬೀತು ಮಾಡುವುದಿಲ್ಲ, ಸಂಜೆಯೊಳಗೆ ಒಳಕೋಣೆಯನ್ನೂ ಖಾಲಿ ಮಾಡಬೇಕಾಗುತ್ತದೆ ಎಂದು ಸೇರಿಸಿದರು.

"ತೆಗೆಯಲ್ಲ," ಎಂದಳು ರೈಟಕ್ಕ.

"ಯಾವ ಆಧಾರದ ಮೇಲೆ?"

ಆಧಾರವೇನೂ ಇರಲಿಲ್ಲ. ಇದ್ದದ್ದು ಮೊಂಡುತನವೊಂದೇ. ಗಾಜಿನ ಪೆಟ್ಟಿಗೆಗೆ ಬೆನ್ನು ಕೊಟ್ಟು, ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ನಿಲ್ಲುವಂತೆ ಕಾಲು ಅಗಲಿಸಿ ನಿಂತಳು.

"ಬೀಗದ ಕೈ ಇಲ್ಲಿದೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಹೊಸ್ತಿಲಲ್ಲಿ ಊರುಗೋಲು ಹಿಡಿದು ನಿಂತಿದ್ದವಳು ರೈಟಕ್ಕನ ಅಮ್ಮ. ಸಂಗ್ರಹಾಲಯ ಶುರುವಾದಂದಿನಿಂದ ಎಷ್ಟು ಕರೆದರೂ ಕಾಲಿಡದವಳು, ಈ ಬೀದಿಗೆ ಬಂದರೆ ಆಚೆ ಬದಿಯಲ್ಲೇ ನಡೆಯುವವಳು. ಈಗ ಯಾರನ್ನೂ ಕೇಳದೆ ನೇರ ಒಳಕೋಣೆಗೆ ಬಂದಳು. ದಾರಿ ಗೊತ್ತಿದ್ದವಳಂತೆ ಬಂದಳು.

"ಅಣ್ಣ, ಆ ಕುರ್ಚಿ ಈ ಕಡೆ ಎಳಿ," ಎಂದಳು ತಾತನಿಗೆ.

ತಾತ ಎದ್ದು ಕುರ್ಚಿ ತಂದಿಟ್ಟರು. ಅಮ್ಮನಿಗೆ ತಾತನ ಪರಿಚಯವೇ ಇಲ್ಲವೆಂದು ರೈಟಕ್ಕ ಇಷ್ಟು ವರ್ಷ ನಂಬಿದ್ದಳು. ನಿನ್ನೆ ಮಧ್ಯಾಹ್ನ ಯಾರು ಬಂದಿದ್ದರು, ತಾತ ಯಾರಿಗಾಗಿ ಸುಳ್ಳು ಹೇಳಿದರು, ಮನೆಯ ಮೊಳೆಗೆ ನೇತುಹಾಕಿದ್ದ ಗಾಜಿನ ಪೆಟ್ಟಿಗೆಯ ಕೀಲಿ ಬೆಳಿಗ್ಗೆ ಯಾಕೆ ತಿರುವುಮುರುವಾಗಿತ್ತು ಎಂಬುದೆಲ್ಲ ಒಂದೇ ಏಟಿಗೆ ಹೊಳೆಯಿತು. ಊರೆಲ್ಲ ತಿರುಗಿ ಟಿಕೆಟ್ ಕಳ್ಳರನ್ನು ಹಿಡಿದವಳಿಗೆ ಸ್ವಂತ ಅಡುಗೆಮನೆಯಲ್ಲಿ ನಡೆದದ್ದು ಕಂಡಿರಲಿಲ್ಲ.

ಅಮ್ಮ ಬಟ್ಟೆಯ ಪುಟ್ಟ ಚೀಲ ಬಿಚ್ಚಿ ಮೇಜಿನ ಮೇಲೆ ಕವುಚಿದಳು. ಹೆಬ್ಬೆರಳು ಗಾತ್ರದ ಹಿತ್ತಾಳೆ ಕೀಲಿಕೈ ಉರುಳಿ ನಿಂತಿತು. ಮುಟ್ಟಿ ಮುಟ್ಟಿ ಅದರ ಅಂಚುಗಳೆಲ್ಲ ನುಣುಪಾಗಿದ್ದವು.

ಮೊಮ್ಮಗನಿಗೆ ಹೋದ ಜೀವ ಬಂದಂತಾಯಿತು. "ನೋಡಿದ್ರಾ ಸಾರ್? ಬೀಗದ ಕೈ ಮೇಸ್ತ್ರಿ ಮನೇಲೇ ಇತ್ತು. ಬೀಗ ಹಾಕಿದ್ದೂ ಅವರ ಮನೆಯವರೇ. ಇನ್ನೇನು ಬೇಕು?"

ಅಧಿಕಾರಿ ಪೆನ್ನು ತೆಗೆದರು. ಡಾಕ್ಟ್ರಮ್ಮ ಓಡಿ ಬಂದು ಮುದುಕಿಯ ಭುಜ ಹಿಡಿದು, ಈಗ ಏನೂ ಮಾತಾಡಬೇಡಿ, ಮನೆಗೆ ಹೋಗೋಣ ಎಂದು ಕಿವಿಯಲ್ಲಿ ಹೇಳಿದರು. ಎಲ್ಲರೂ ರೈಟಕ್ಕನ ಕಡೆ ನೋಡಿದರು.

ಅವಳು ಒಂದು ಮಾತು ಹೇಳಿದ್ದರೆ ಅಮ್ಮ ಸುಮ್ಮನಾಗುತ್ತಿದ್ದಳು. ವಯಸ್ಸಾಗಿದೆ, ಮರೆವು, ಎಲ್ಲಿಂದಲೋ ತಂದಿದ್ದಾಳೆ ಎಂದರೆ ನಂಬುವವರೂ ಇದ್ದರು. ಅಜ್ಜಿಯ ಹೆಸರು ಉಳಿಸಲು ಕಟ್ಟಿದ ಕೋಣೆಯಲ್ಲೇ ಅಜ್ಜಿಯ ಹೆಸರು ಮುಳುಗುವ ಹಾಗಿತ್ತು. ರೈಟಕ್ಕನಿಗೆ ಭಯವಾಯಿತು. ಭಯದ ಹಿಂದೆಯೇ ರೋಷವೂ ಬಂತು. ಇಷ್ಟು ವರ್ಷ ಈ ಮನೆಯ ಹೆಂಗಸರನ್ನು ಬೇರೆಯವರು ಬಾಯಿ ಮುಚ್ಚಿಸಿದ್ದು ಸಾಲದೆ, ಈಗ ತಾನೂ ಮುಚ್ಚಿಸಬೇಕೆ?

"ಹೇಳಮ್ಮ. ಏನಿದ್ರೂ ಹೇಳು. ನಮಗೆ ಕೆಟ್ಟದಾದ್ರೂ ಪರವಾಗಿಲ್ಲ, ಅದನ್ನೂ ಬರೆದು ಇಲ್ಲೇ ಇಡ್ತೀನಿ."

ಅಮ್ಮ ಮಗಳ ಕಡೆ ತಿರುಗಿದಳು. ಅವಳ ತಲೆ ತಗ್ಗಿರಲಿಲ್ಲ.

"ಬೀಗ ಹಾಕಿದ್ದು ನಾನೇ ಕಣೇ."

ಅಧಿಕಾರಿಯ ಪೆನ್ನು ನಿಂತಿತು.

"ಆಗ ನಾನು ಚಿಕ್ಕೋಳು. ಅಮ್ಮಂಗೆ ಸಂಜೆ ಊಟ ತಗೊಂಡು ಹೋಗ್ತಿದ್ದೆ. ಈ ಅಣ್ಣ ಗಿರಣಿ ಉಗ್ರಾಣದಲ್ಲಿ ಕೆಲಸಕ್ಕಿದ್ದ. ಅಮ್ಮ ಕೇಳಿದ್ಲು ಅಂತ ಬೀಗ ತಂದುಕೊಟ್ಟ. ಅಮ್ಮ ಅದನ್ನ ನನ್ನ ಕೈಗೆ ಕೊಟ್ಟು, ಹೊರಗಿಂದ ಹಾಕ್ಕೊಂಡು ಮನೆಗೆ ಓಡು, ಪಾಳಿ ಮುಗಿಯೋ ಹೊತ್ತಿಗೆ ಬಂದು ತೆಗಿ ಅಂದ್ಲು."

ತಾತ ತಲೆಯಾಡಿಸಿದರು. ಹಣೆಯ ಮೇಲಿನ ಭೂತಗನ್ನಡಿ ಜಾರಿ ಕಣ್ಣಿಗೆ ಬಂದು ಕೂತರೂ ಅದನ್ನು ಸರಿಮಾಡಲಿಲ್ಲ. ಬೀಗಕ್ಕೆ ಎಣ್ಣೆ ಬಿಡುತ್ತಾ ಬಂದದ್ದು ಈ ತಂಗಿ ಒಂದಲ್ಲ ಒಂದು ದಿನ ಬರುತ್ತಾಳೆ, ಆವತ್ತು ಅದು ತೆರೆಯದೆ ಹೋಗಬಾರದು ಎಂದು ಮೆಲ್ಲಗೆ ಹೇಳಿದರು.

"ನಾನು ಬರೋ ಹೊತ್ತಿಗೆ ಬೆಂಕಿ ಮಾಡಿಗೆ ಏರಿತ್ತು," ಎಂದಳು ಅಮ್ಮ. "ಬೀಗದ ಕೈ ಮುಷ್ಟೀಲಿ ಹಿಡ್ಕೊಂಡು ಮೆಟ್ಟಿಲ ಕೆಳಗೆ ನಿಂತಿದ್ದೆ. ಮೇಲೆ ಹತ್ತೋಕ್ಕಾಗ್ಲಿಲ್ಲ. ನನ್ನ ಕೈಲಿ ಮುಚ್ಚಿದ್ದನ್ನ ಸಾಯೋದರೊಳಗೆ ನನ್ನ ಕೈಲೇ ತೆಗೀಬೇಕು ಅಂತ ನಿನ್ನೆ ಬಂದೆ. ತೆಗೆದೆ. ಅಷ್ಟೇ."

ಡಾಕ್ಟ್ರಮ್ಮ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ರೈಟಕ್ಕ ಅಮ್ಮನ ಕುರ್ಚಿಯ ಪಕ್ಕ ನೆಲದ ಮೇಲೇ ಕೂತಳು. ಅಮ್ಮ ಯಾಕೆ ಜೀವನವಿಡೀ ತಲೆ ತಗ್ಗಿಸಿದಳು ಎಂಬುದು ಅವಳಿಗೆ ಈಗ ತಿಳಿಯಿತು.

ಮೊಮ್ಮಗ ಮಾತ್ರ ಗೆದ್ದ ದನಿಯಲ್ಲಿ ಮುಗಿಸಲು ನೋಡಿದರು. "ಹೆಣ್ಣುಮಕ್ಕಳು ಹೊರಗೆ ಬರದ ಹಾಗೆ ಬೀಗ ಹಾಕಿಸಿದ್ದು ಮೇಸ್ತ್ರಿನೇ ಅಂತ ಅವಳ ಮಗಳೇ ಒಪ್ಕೊಂಡ್ಲು. ಬರ್ಕೊಳಿ ಸಾರ್."

"ಪೂರ್ತಿ ಕೇಳಿ ಬರ್ಕೊಳಿ," ಎಂದಳು ಅಮ್ಮ. ಅವಳ ಊರುಗೋಲು ನೆಲಕ್ಕೆ ಒಮ್ಮೆ ಬಡಿಯಿತು. "ಆ ಬಾಗಿಲಿಗೆ ಒಳಚಿಲಕ ಇತ್ತು. ಹಿಂದಿನ ವಾರವೇ ಅದನ್ನ ಕೀಳಿಸಿ ಹಾಕಿದ್ರು. ಒಳಗಿಂದ ಹಾಕ್ಕೊಳೋಕೆ ಏನೂ ಇರ್ಲಿಲ್ಲ. ಅದಕ್ಕೇ ಅಮ್ಮ ಹೊರಗಿಂದ ಹಾಕಿಸಿದ್ದು. ಒಳಗಿದ್ದೋರು ಹೊರಗೆ ಬರಬಾರ್ದು ಅಂತಲ್ಲ. ಹೊರಗಿದ್ದೋನು ಒಳಗೆ ಹೋಗಬಾರ್ದು ಅಂತ."

ಅಧಿಕಾರಿಗೆ ಊಟದ ನೆನಪು ಹೋಗಿತ್ತು.

"ಯಾರಮ್ಮ ಹೊರಗಿದ್ದವನು?" ಎಂದು ಅವರು ಕೇಳಿದರು.

ಅಮ್ಮ ಬಾಯಿ ತೆರೆಯುವ ಮುಂಚೆಯೇ ಮೊಮ್ಮಗ ಅಡ್ಡ ಬಂದರು. "ಶುದ್ಧ ಸುಳ್ಳು. ಆವತ್ತು ನಮ್ಮಪ್ಪ ಊರಲ್ಲೇ ಇರ್ಲಿಲ್ಲ."

ತಾತ ನಿಧಾನವಾಗಿ ತಲೆಯೆತ್ತಿದರು. ಡಾಕ್ಟ್ರಮ್ಮ ಕಣ್ಣೊರೆಸುವುದನ್ನು ನಿಲ್ಲಿಸಿದರು. ಬೆಳಗಿನಿಂದ ಆ ಕೋಣೆಯಲ್ಲಿ ಮೊಮ್ಮಗನ ತಾತನ ಮಾತು ಬಂದಿತ್ತು, ಗಿರಣಿಯ ಮಾತು ಬಂದಿತ್ತು. ಅವರ ಅಪ್ಪನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಈ ಸಲ ಮೊಮ್ಮಗನ ಕಿವಿ ಕೆಂಪಾಗಲಿಲ್ಲ. ಸಿಟ್ಟು ಬರಲಿಲ್ಲ. ಇಸ್ತ್ರಿ ಮುರಿಯದ ಅಂಗಿಯ ಜೇಬಿನ ಮೇಲೆ ಅವರ ಬಲಗೈ ತಾನಾಗಿ ಹೋಗಿ ಕೂತಿತು.

ರೈಟಕ್ಕ ನೆಲದಿಂದ ಎದ್ದಳು. ಹೋಗಿ ಹೊರಬಾಗಿಲಿಗೆ ಅಡ್ಡ ನಿಂತು, ತನ್ನ ಹಳೆಯ ದನಿಯಲ್ಲಿ, ಕೊನೆಯ ಸೀಟಿಗೂ ಕೇಳಿಸುವಂತೆ ಹೇಳಿದಳು:

"ಟಿಕೆಟ್ ತೋರಿಸಿ ಸ್ವಾಮಿ."